ಉಳಿಯಬೇಕಾದದ್ದು ಕ್ಯಾಮೆರಾವೋ ಚಿತ್ರವೋ?

ಚೆನ್ನೈಯಲ್ಲಿ ಬಾಳಿದ ಹಿರಿಯ ಕನ್ನಡಿಗರ ಮುಖಗಳನ್ನೂ ಅವರ ಮನೆ, ಕಾಗದಪತ್ರಗಳನ್ನೂ ಛಾಯಾಚಿತ್ರಗಳಲ್ಲಿ ದಾಖಲಿಸಬೇಕೆಂಬ ಮಾತು ನಮ್ಮ ಬಳಗದಲ್ಲಿ ಎದ್ದು ವರ್ಷವಾಗುತ್ತ ಬಂತು. ಕೆಲಸ ಇನ್ನೂ ಆರಂಭವಾಗಿಲ್ಲ. ಅದಕ್ಕೆ ಕಾರಣ ಹಣದ ಅಭಾವವಲ್ಲ; ಕೂಡಿಸಿದ ಹಣದಲ್ಲಿ ಫಿಲ್ಮ್ ಕ್ಯಾಮೆರಾ ಕೊಳ್ಳಬೇಕೋ ಡಿಜಿಟಲ್ ಕ್ಯಾಮೆರಾ ಕೊಳ್ಳಬೇಕೋ ಎಂಬ ಚರ್ಚೆ ಮುಗಿಯದಿರುವುದು. ಈ ನಡುವೆ ನಾವು ಪಟ್ಟಿ ಮಾಡಿಕೊಂಡಿದ್ದ ಹಿರಿಯರಲ್ಲಿ ಇಬ್ಬರು ತೀರಿಕೊಂಡರು. ಆದ್ದರಿಂದ ಈ ಚರ್ಚೆಯನ್ನು ಇನ್ನು ಸೌಜನ್ಯದಿಂದ ಕೇಳುತ್ತ ಕೂರುವುದು ನನ್ನಿಂದಾಗದು.

ಫಿಲ್ಮ್ ಪಕ್ಷದವರ ವಾದ ಇದು: ಡಿಜಿಟಲ್ ಕ್ಯಾಮೆರಾ ಎಂಬುದು ಖರ್ಚು, ಫಿಲ್ಮ್ ಕ್ಯಾಮೆರಾ ಎಂಬುದು ಆಸ್ತಿ. ಮೊದಲನೆಯದು ಐದು ವರ್ಷಕ್ಕೆ ಹಳತಾಗುತ್ತದೆ. ಎರಡನೆಯದನ್ನು ಮೊಮ್ಮಕ್ಕಳ ಕೈಗೂ ಕೊಡಬಹುದು. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. 1976ರಲ್ಲಿ ಮಾರುಕಟ್ಟೆಗೆ ಬಂದ ಪೆಂಟಾಕ್ಸ್ ಕೆ1000 ಬ್ಯಾಟರಿಯಿಲ್ಲದೆಯೂ ಕೆಲಸ ಮಾಡುತ್ತದೆ. ಅದರಲ್ಲಿ ಬ್ಯಾಟರಿ ಬೇಕಾಗುವುದು ಬೆಳಕಿನ ಮಾಪಕಕ್ಕೆ ಮಾತ್ರ. ಇಂದಿನ ಡಿಜಿಟಲ್ ಕ್ಯಾಮೆರಾದ ಬ್ಯಾಟರಿ ಸತ್ತು, ಕಂಪನಿ ಅದನ್ನು ತಯಾರಿಸುವುದನ್ನು ನಿಲ್ಲಿಸಿದರೆ ಆ ಯಂತ್ರವೂ ಸತ್ತಂತೆಯೇ. ನೆಗೆಟಿವ್ ಅನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೆ ಚಿತ್ರ ಕಾಣುತ್ತದೆ. ಹಾರ್ಡ್ ಡಿಸ್ಕನ್ನು ಎಷ್ಟು ಬೆಳಕಿಗೆ ಹಿಡಿದರೂ ಏನೂ ಕಾಣುವುದಿಲ್ಲ. 2024ರಲ್ಲಿ ಪೆಂಟಾಕ್ಸ್ ಹೊಸದೊಂದು ಫಿಲ್ಮ್ ಕ್ಯಾಮೆರಾವನ್ನೇ ಬಿಡುಗಡೆ ಮಾಡಿತು. ಇವೆಲ್ಲ ನಿಜ. ಆದರೂ ನಮ್ಮ ಕೆಲಸಕ್ಕೆ ಫಿಲ್ಮನ್ನು ಆರಿಸುವುದು ಹೂಡಿಕೆಯಲ್ಲ, ಭಕ್ತಿ. ಭಕ್ತಿಯನ್ನು ನಾನು ಆಕ್ಷೇಪಿಸುವುದಿಲ್ಲ. ಅದನ್ನು ಬಳಗದ ಹಣದಲ್ಲಿ ಮಾಡುವುದನ್ನು ಆಕ್ಷೇಪಿಸುತ್ತೇನೆ.

ಕ್ಯಾಮೆರಾ ಒಂಟಿಯಾಗಿ ಬಾಳುವ ಯಂತ್ರವಲ್ಲ. ಅದರ ಹಿಂದೆ ರೋಲು ಮಾಡುವವರು, ರಾಸಾಯನಿಕ ಕೊಡುವವರು, ತೊಳೆಯುವವರು, ಪ್ರಿಂಟು ಹಾಕುವವರು, ಕೆಟ್ಟರೆ ಬಿಚ್ಚಿ ಸರಿಪಡಿಸುವವರು ಎಂಬ ಒಂದು ಸರಪಳಿಯೇ ಇದೆ. ಅದರ ಒಂದು ಕೊಂಡಿ ಕಳಚಿದರೂ ಉಕ್ಕಿನ ಆ ಗಟ್ಟಿ ಯಂತ್ರ ಶೋಕೇಸಿನ ಬೊಂಬೆಯಾಗುತ್ತದೆ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಇದೇ ತಮಿಳುನಾಡಿನ ಉದಕಮಂಡಲಕ್ಕೆ ಹೋದರೆ ಸಾಕು. ಅಲ್ಲಿ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಸಂಸ್ಥೆ ಸ್ಥಾಪನೆಯಾಯಿತು. 1967ರಲ್ಲಿ ಉತ್ಪಾದನೆ ಆರಂಭವಾಯಿತು. ‘ಇಂದು’ ಎಂಬ ಹೆಸರಿನಲ್ಲಿ ಕಪ್ಪುಬಿಳುಪು ಫಿಲ್ಮೂ ಎಕ್ಸ್-ರೇ ಫಿಲ್ಮೂ ಅಲ್ಲಿಂದ ದೇಶವೆಲ್ಲ ಹೋಗುತ್ತಿದ್ದವು. ಇಂದು ಎಂದರೆ ಚಂದ್ರ. ಕನ್ನಡದಲ್ಲಿ ಅದಕ್ಕೆ ಈ ದಿನ ಎಂಬ ಅರ್ಥವೂ ಇದೆ. ಆ ‘ಇಂದು’ ನಿನ್ನೆಯಾಗಿಹೋಯಿತು. ಕಾರ್ಖಾನೆ ಕಳೆದ ದಶಕದಲ್ಲಿ ಬಾಗಿಲು ಹಾಕಿತು. ಅದರ ರೋಲನ್ನು ನಂಬಿ ಕ್ಯಾಮೆರಾ ಕೊಂಡವನ ಕ್ಯಾಮೆರಾ ಕೆಟ್ಟಿರಲಿಲ್ಲ. ಕೆಟ್ಟದ್ದು ಸರಪಳಿ.

ಸರ್ಕಾರಿ ಕಾರ್ಖಾನೆಯ ಕಥೆಯೇ ಹಾಗೆ ಎನ್ನುವವರು ಕೊಡ್ಯಾಕ್ ಕಂಪನಿಯ ಕೊಡಕ್ರೋಮನ್ನು ನೆನೆಯಲಿ. 1935ರಿಂದ ಬಂದ ಆ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ತೊಳೆಯುವ ವಿಧಾನ ಉಳಿದ ಫಿಲ್ಮುಗಳಿಗಿಂತ ಬೇರೆಯಾದದ್ದು. ಜಗತ್ತಿನಲ್ಲಿ ಕೊನೆಯದಾಗಿ ಉಳಿದಿದ್ದ ಅಮೆರಿಕದ ಕಾನ್ಸಾಸಿನ ಲ್ಯಾಬು 2010ರ ಡಿಸೆಂಬರ್ ಅಂತ್ಯದಿಂದ ರೋಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಆಮೇಲೆ ಅಟ್ಟದಲ್ಲಿ ಯಾರಿಗಾದರೂ ತೊಳೆಯದ ರೋಲು ಸಿಕ್ಕಿದ್ದರೆ ಅದರೊಳಗಿನ ಬಣ್ಣಗಳನ್ನು ಮರಳಿ ಪಡೆಯುವ ದಾರಿ ಮುಚ್ಚಿಹೋಗಿತ್ತು. 2012ರ ಜನವರಿಯಲ್ಲಿ ಕೊಡ್ಯಾಕ್ ಕಂಪನಿಯೇ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೆಟ್ಟಿಲೇರಿತು.

ನಮ್ಮ ಚೆನ್ನೈಯ ಪಾಡೂ ಬೇರೆಯಲ್ಲ. ಬೀದಿಗೊಂದು ಕಲರ್ ಲ್ಯಾಬು ಇದ್ದ ಊರಿನಲ್ಲಿ ಈಗ ರೋಲು ತೆಗೆದುಕೊಳ್ಳುವ ಅಂಗಡಿಗಳನ್ನು ಬೆರಳಲ್ಲಿ ಎಣಿಸಬಹುದು. ಮನೆಯಲ್ಲೇ ತೊಳೆಯಬಹುದಲ್ಲ ಎಂದು ಮಿತ್ರರೊಬ್ಬರು ಕೇಳಿದರು. ತೊಳೆಯಬಹುದು. ಕಪ್ಪುಬಿಳುಪು ಫಿಲ್ಮಿಗೆ ವಾಡಿಕೆಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳಲ್ಲಿ ಚೆನ್ನೈಯ ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಕೈಯೊಡ್ಡಿದವರಿಗೆ ಈ ಸಂಖ್ಯೆಯ ಹಾಸ್ಯ ಅರ್ಥವಾಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ರೋಲಿನ ಬೆಲೆ, ತೊಳೆಸುವ ಖರ್ಚು, ಸ್ಕ್ಯಾನಿನ ಖರ್ಚು ಎಲ್ಲ ಸೇರಿ ರೋಲೊಂದಕ್ಕೆ ಸಾವಿರ ರೂಪಾಯಿ ಎಂದೇ ಇಟ್ಟುಕೊಳ್ಳಿ. ತಿಂಗಳಿಗೆ ಎರಡು ರೋಲಿನಂತೆ ವರ್ಷಕ್ಕೆ 24,000 ರೂಪಾಯಿ. ಐದು ವರ್ಷಕ್ಕೆ 1,20,000. ಕೈಗೆ ಸಿಗುವುದು 4,320 ಚಿತ್ರಗಳು. ಕ್ಯಾಮೆರಾವನ್ನು ಯಾರಾದರೂ ದಾನವಾಗಿ ಕೊಟ್ಟರೂ ಈ ಖರ್ಚು ತಪ್ಪದು. ಒಬ್ಬ ಹಿರಿಯರ ಟ್ರಂಕಿನಲ್ಲಿ ನೂರು ಪುಟ ಹಳೆಯ ಪತ್ರಗಳಿದ್ದರೆ ಮೂರು ರೋಲು ಅಲ್ಲಿಗೇ ಮುಗಿಯಿತು. ಆಗ ನಾವು ಮಾಡುವುದೇನು? ಈ ಪತ್ರ ಬೇಡ, ಆ ಪತ್ರ ಸಾಕು ಎಂದು ಆರಿಸತೊಡಗುತ್ತೇವೆ. ಯಾವುದು ಮುಂದೆ ಬೆಲೆ ಬಾಳುವ ಪತ್ರವೆಂದು ತಿಳಿಯದವರು ರೋಲು ಉಳಿಸಲೆಂದು ಚರಿತ್ರೆಯನ್ನು ಕತ್ತರಿಸುತ್ತೇವೆ. ಕಲಾವಿದನಿಗೆ ಈ ಮಿತಿ ಶಿಸ್ತಾಗಬಹುದು. ದಾಖಲಿಸುವವನಿಗೆ ಅದು ನಷ್ಟ.

ಹಾಗಾದರೆ ಫಿಲ್ಮಾದರೂ ಉಳಿಯುತ್ತದೆಯೇ? ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಪ್ರತಿ ಇಂದು ನಮಗೆ ಲಭ್ಯವಿಲ್ಲ. ಅದೂ ಫಿಲ್ಮಿನ ಮೇಲೆಯೇ ಇತ್ತಲ್ಲವೇ? ಅಸಿಟೇಟ್ ಫಿಲ್ಮು ಹಳತಾಗುತ್ತ ತಾನೇ ಆಮ್ಲವನ್ನು ಬಿಡುತ್ತದೆ. ಡಬ್ಬಿ ತೆರೆದರೆ ವಿನಿಗರ್ ವಾಸನೆ ಮೂಗಿಗೆ ಹೊಡೆಯುತ್ತದೆ, ಫಿಲ್ಮು ಕುಗ್ಗಿ ಸುರುಟಿಕೊಳ್ಳುತ್ತದೆ. ಸುಮಾರು 21 ಡಿಗ್ರಿ ಉಷ್ಣತೆ, ಶೇಕಡಾ 50ರಷ್ಟು ಆರ್ದ್ರತೆ ಇರುವ ಕೋಣೆಯಲ್ಲಿಟ್ಟರೂ ಹೊಸ ಫಿಲ್ಮಿನಲ್ಲಿ ಈ ರೋಗ ತಲೆದೋರಲು 40 ವರ್ಷ ಸಾಕೆಂದು ಸಂರಕ್ಷಣೆಯ ತಜ್ಞರು ಲೆಕ್ಕ ಹಾಕಿದ್ದಾರೆ. ನಮ್ಮಲ್ಲಿ ಯಾರ ಮನೆಯ ಬೀರು ಅಂಥ ಕೋಣೆಯಲ್ಲಿದೆ? ಸಮುದ್ರದ ತೇವಗಾಳಿಯ ಈ ಊರಿನಲ್ಲಿ ಚರ್ಮದ ಚೀಲದೊಳಗೆ ಜೋಪಾನವಾಗಿ ಮುಚ್ಚಿಟ್ಟ ಲೆನ್ಸಿನೊಳಗೆ ಬೂಷ್ಟು ಜೇಡರಬಲೆಯಂತೆ ಹಬ್ಬುವುದನ್ನು ಕಂಡವರು ಬಹಳ ಮಂದಿ. ಮೊಮ್ಮಕ್ಕಳಿಗೆಂದು ಇಟ್ಟ ಆಸ್ತಿ ಮಕ್ಕಳ ಕಾಲಕ್ಕೇ ಮಂಜಾಗಿರುತ್ತದೆ.

ಇಷ್ಟು ಓದಿ ಡಿಜಿಟಲ್ ಪಕ್ಷದವರು ಹಿಗ್ಗಬೇಕಾಗಿಲ್ಲ. ಅವರ ಅಪರಾಧ ಇನ್ನೂ ದೊಡ್ಡದು. ಎರಡು ವರ್ಷಕ್ಕೊಮ್ಮೆ ಹೊಸ ಮಾದರಿ ಬೇಕೆಂಬ ಹಂಬಲ, ಮೆಗಾಪಿಕ್ಸೆಲ್‌ಗಳ ಜಪ, ತೆಗೆದ ಹತ್ತು ಸಾವಿರ ಚಿತ್ರಗಳಲ್ಲಿ ಒಂದಕ್ಕೂ ಹೆಸರಿಲ್ಲ, ತಾರೀಕಿಲ್ಲ. ಎಲ್ಲವೂ ಒಂದೇ ಡಿಸ್ಕಿನಲ್ಲಿ. ಡಿಸ್ಕು ಒಂದೇ ಮನೆಯಲ್ಲಿ. ಡಿಜಿಟಲ್ ಚಿತ್ರವನ್ನು ಎಷ್ಟು ಬಾರಿ ನಕಲು ಮಾಡಿದರೂ ಸವೆಯದು ಎಂಬುದೇ ಅದರ ಮಹಾಗುಣ. ಆ ಗುಣವನ್ನು ಒಮ್ಮೆಯೂ ಬಳಸದವರು ಡಿಜಿಟಲ್ಲಿನ ಪರವಾಗಿ ವಾದಿಸುತ್ತಾರೆ! 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಕೊಟ್ಟೂರುಪುರ, ಸೈದಾಪೇಟೆಗಳ ಮನೆಗಳಿಗೆ ನುಗ್ಗಿದಾಗ ನೀರು ಪಕ್ಷಪಾತ ಮಾಡಲಿಲ್ಲ. ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ಪಕ್ಕದಲ್ಲಿದ್ದ ಕಂಪ್ಯೂಟರೂ ಕೆಸರು ಕುಡಿಯಿತು. ಬೇರೆ ಊರಿನಲ್ಲಿ ಒಂದು ಪ್ರತಿ ಇದ್ದವರು ಮಾತ್ರ ಏನನ್ನೂ ಕಳೆದುಕೊಳ್ಳಲಿಲ್ಲ.

ನಿಜವಾಗಿ ಉಳಿದದ್ದು ಹೇಗೆ ಉಳಿಯಿತೆಂದು ತಿಳಿಯಲು ಚರಿತ್ರೆಯ ಒಂದು ಉದಾಹರಣೆ ಸಾಕು. ಮದರಾಸು ಸೇನೆಯ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಛಾಯಾಚಿತ್ರಗಳನ್ನು ತೆಗೆದ. ಮುಂದೆ ಮದರಾಸು ಪ್ರಾಂತದ ಸರ್ಕಾರಿ ಛಾಯಾಗ್ರಾಹಕನೂ ಆದ. ಅವನು ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಇಂದಿನ ಫಿಲ್ಮಿಗೆ ಹೋಲಿಸಿದರೆ ಎಷ್ಟೋ ದುರ್ಬಲವಾದ ವಸ್ತು. ಆದರೂ ಅವನ ಚಿತ್ರಗಳು 170 ವರ್ಷಗಳ ಬಳಿಕವೂ ಉಳಿದಿವೆ. ಏಕೆಂದರೆ ಅವನ್ನು ಪ್ರಿಂಟು ಹಾಕಿದರು, ಯಾವ ಸ್ಥಳವೆಂದು ಗುರುತಿಸಿದರು, ಒಂದಕ್ಕಿಂತ ಹೆಚ್ಚು ಕಡೆ ಇಟ್ಟರು, ಸಂಗ್ರಹಾಲಯಗಳಲ್ಲಿ ಕಾಯ್ದರು. ಅವನ ಕ್ಯಾಮೆರಾ ಎಲ್ಲಿದೆ ಎಂದು ಹಳೇಬೀಡಿನ ಆ ಚಿತ್ರವನ್ನು ನೋಡುವ ಯಾರೂ ಕೇಳುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೆ. ಒಬ್ಬರು ಬಳಸಿ ಮಾರಿದ, ಸುಸ್ಥಿತಿಯಲ್ಲಿರುವ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಳ್ಳೋಣ. ಅದನ್ನು ಆಸ್ತಿಯೆಂದು ಕರೆಯದೆ, ಸವೆದುಹೋಗುವ ಚಪ್ಪಲಿಯೆಂದು ಲೆಕ್ಕ ಬರೆಯೋಣ. ಉಳಿದ ಹಣವನ್ನು ಒಳ್ಳೆಯ ಲೆನ್ಸೊಂದಕ್ಕೆ, ತೇವ ತಾಗದ ಪೆಟ್ಟಿಗೆಗೆ, ಮೂರು ಡಿಸ್ಕುಗಳಿಗೆ, ಪ್ರಿಂಟುಗಳಿಗೆ ಹಂಚೋಣ. ಚಿತ್ರಗಳನ್ನು ಜೆಪೆಗ್ ರೂಪದಲ್ಲೂ ಇಡೋಣ; 1992ರಲ್ಲಿ ಮಾನಕವಾದ ಆ ರೂಪವನ್ನು ಇಂದಿಗೂ ಓದದ ಯಂತ್ರವಿಲ್ಲ. ಒಂದು ಡಿಸ್ಕು ಚೆನ್ನೈಯಲ್ಲಿ, ಒಂದು ಬೆಂಗಳೂರಿನಲ್ಲಿ, ಒಂದು ಇನ್ನೆಲ್ಲಾದರೂ ಇರಲಿ. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ನಕಲು ಮಾಡುವ ಹೊಣೆಯನ್ನು ಹೆಸರು ಹೇಳಿ ಒಬ್ಬರಿಗೆ ಒಪ್ಪಿಸೋಣ. ಪ್ರಿಂಟಿನ ಬೆನ್ನಿಗೆ ಮೃದುವಾದ ಪೆನ್ಸಿಲಿನಲ್ಲಿ, ಕನ್ನಡದಲ್ಲಿ, ಯಾರು, ಎಲ್ಲಿ, ಯಾವಾಗ ಎಂದು ಬರೆಯೋಣ.

ಫಿಲ್ಮನ್ನು ಪ್ರೀತಿಸುವ ಮಿತ್ರರಿಗೆ ಇದಕ್ಕಿಂತ ದೊಡ್ಡ ಕೆಲಸವೊಂದು ಕಾದಿದೆ. ಹೊಸ ರೋಲು ಕೊಳ್ಳುವ ಮೊದಲು, ಆಗಲೇ ತೆಗೆದಿಟ್ಟ ಫಿಲ್ಮನ್ನು ಅವರು ಉಳಿಸಲಿ. ಒಂದು ಕಾಲದ ಕನ್ನಡ ಚಿತ್ರಗಳು ಬಹುಪಾಲು ಕೋಡಂಬಾಕದ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. ಅಲ್ಲಿ ದುಡಿದ ಕನ್ನಡಿಗ ತಂತ್ರಜ್ಞರ ಮನೆಗಳು ಇನ್ನೂ ಈ ಊರಿನಲ್ಲಿವೆ. ವಿಜಯಾ ವಾಹಿನಿ ಸ್ಟುಡಿಯೋ ಇದ್ದ ನೆಲದಲ್ಲಿ ಈಗ ಆಸ್ಪತ್ರೆಯಿದೆ, ಮಾಲ್ ಇದೆ. 1962ರಲ್ಲಿ ಆರಂಭವಾದ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ಹೋಟೆಲು 2008ರಲ್ಲಿ ಮುಚ್ಚಿತು. ಉಡುಪಿಯ ಕಡೆಯಿಂದ ಬಂದವರು ಕಟ್ಟಿ ಬೆಳೆಸಿದ ಆ ಜಾಗ ಈಗ ಉದ್ಯಾನವನ. ಆ ಮರಗಳ ಕೆಳಗೆ ಕಾರು ನಿಲ್ಲಿಸಿ ಕಾಫಿ ಕುಡಿಯುತ್ತ ತೆಗೆಸಿಕೊಂಡ ಚಿತ್ರಗಳ ನೆಗೆಟಿವ್‌ಗಳು ನಮ್ಮ ನಿಮ್ಮ ಮನೆಯ ಅಟ್ಟದ ಬಿಸ್ಕತ್ತಿನ ಡಬ್ಬಿಗಳಲ್ಲಿವೆ. ಈ ಊರು ತಮಿಳಿನ ನೆನಪನ್ನು ಕಾಯುತ್ತದೆ. ಅದು ಅದರ ಧರ್ಮ. ಬೆಂಗಳೂರಿಗೆ ಮದರಾಸಿನ ಕನ್ನಡಿಗರ ನೆನಪು ಸದ್ಯಕ್ಕೆ ಬೇಕಾಗಿಲ್ಲ. ನಾವು ಕಾಯದಿದ್ದರೆ ಕಾಯುವವರು ಬೇರೆ ಯಾರೂ ಇಲ್ಲ.

ಹೊರನಾಡಿನ ಸಂಘಗಳಿಗೆಲ್ಲ ಒಂದು ಚಟವಿದೆ. ನಾವು ಸಲಕರಣೆ ಕೊಳ್ಳುತ್ತೇವೆ, ಕೊಂಡದ್ದಕ್ಕೆ ಬೀರು ಕೊಳ್ಳುತ್ತೇವೆ, ಬೀರುವಿಗೆ ಬೀಗ ಹಾಕಿ ಬೀಗದ ಕೈ ಯಾರ ಬಳಿ ಇರಬೇಕೆಂದು ಮತ್ತೆ ಸಭೆ ಕರೆಯುತ್ತೇವೆ. ಶಾಶ್ವತ ಹೂಡಿಕೆ ಎಂಬ ಮಾತು ಈ ಚಟಕ್ಕೆ ತೊಡಿಸಿದ ಮಡಿಬಟ್ಟೆ. ಪಟ್ಟಿಯಲ್ಲಿ ಉಳಿದ ಹಿರಿಯರಲ್ಲಿ ಒಬ್ಬರಿಗೆ ಈಗ ತೊಂಬತ್ತೊಂದು. ಅವರ ಮನೆ ಮಾಂಬಲದಲ್ಲಿದೆ. ಬಾಗಿಲು ತೆರೆದೇ ಇರುತ್ತದೆ. ಬರುವ ಭಾನುವಾರ ಅಲ್ಲಿಗೆ ಹೋಗೋಣ. ಕ್ಯಾಮೆರಾ ಅಷ್ಟರೊಳಗೆ ತೀರ್ಮಾನವಾಗದಿದ್ದರೆ ಯಾರದಾದರೂ ಜೇಬಿನಲ್ಲಿರುವ ಫೋನೇ ಸಾಕು.