ಒರಟು ಮಾತಿನ ಒಂದು ಧ್ವನಿಸುರುಳಿ

ಮೊನ್ನೆ ಬಬಲೇಶ್ವರದ ಮದುವೆಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಸರಕಾರಿ ನೌಕರ, ಪಕ್ಕಕ್ಕೆ ಕರೆದು ಹೇಳಿದ: "ಸರ, ಮಾಸ್ಟರ್ ಹಿರಣ್ಣಯ್ಯನವರ ಮಾತು ಈಗ ಕೇಳಿದ್ರ ಭಾಳ ಒರಟ ಅನಸ್ತದ್ರಿ. ನಿಮ್ಮಂಥಾವ್ರು ಅದನ್ನ ಹೊಗಳೂದು ಬ್ಯಾಡ್ರಿ." ಊಟದ ಪಂಕ್ತಿಯ ಗದ್ದಲದಲ್ಲಿ ಉತ್ತರಿಸಲಾಗಲಿಲ್ಲ. ಇಲ್ಲಿ ಉತ್ತರಿಸುತ್ತೇನೆ, ಅವನು ಓದುತ್ತಾನೆಂದು ಬಲ್ಲೆ.

ಒರಟು ಹೌದಪ್ಪಾ. ಅದಕ್ಕೆಂದೇ ನಮಗದು ಪ್ರಿಯವಾಗಿತ್ತು. ಎಂಬತ್ತರ ದಶಕದಲ್ಲಿ, ಬಿ.ಎಡ್. ಮುಗಿಸಿ ತಿಕೋಟಾದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಾಡಿಗೆ ಕೋಣೆಯಲ್ಲಿದ್ದ ನಾವು ನಾಲ್ವರು ಶಿಕ್ಷಕರು 'ಲಂಚಾವತಾರ'ದ ಧ್ವನಿಸುರುಳಿಯನ್ನು ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಸುರುಳಿ ಸಡಿಲಾದರೆ ಪೆನ್ಸಿಲು ತೂರಿಸಿ ಸುತ್ತುತ್ತಿದ್ದೆವು. ಅವರದು ಮೈಸೂರು ಸೀಮೆಯ ಕನ್ನಡ. ಉಸಿರು ಬಿಡದೆ ಓಡುವ ಆ ಮಾತು ಅರ್ಧದಷ್ಟು ನಮಗೆ ಎರಡನೆಯ ಸಲಕ್ಕೇ ತಿಳಿಯುತ್ತಿದ್ದುದು. ಮಂತ್ರಿಯಾಗಲಿ ಅಧಿಕಾರಿಯಾಗಲಿ, ಅವರಿಗೆ ಯಾರ ಮುಲಾಜೂ ಇರಲಿಲ್ಲ. ಕಥೆಯನ್ನು ಅಲ್ಲಿಗೇ ಬಿಟ್ಟು ಅಂದಂದಿನ ರಾಜಕೀಯವನ್ನೇ ಎತ್ತಿಕೊಂಡು ಬಯ್ಯುವ ಧೈರ್ಯ ಅವರಿಗಿತ್ತು. ಟಿಕೆಟು ಕೊಂಡು ಕುಳಿತ ಪ್ರೇಕ್ಷಕರನ್ನೂ ಬಿಡುತ್ತಿರಲಿಲ್ಲ.

ಆ ವರ್ಷಗಳಲ್ಲೇ ಒಂದು ದಿನ ನನ್ನ ವೇತನದ ಕಡತಕ್ಕಾಗಿ ಅಂದಿನ ಬಿಜಾಪುರದ ಕಚೇರಿಯೊಂದಕ್ಕೆ ಹೋದೆ. ಅಲ್ಲಿಯ ಗುಮಾಸ್ತರು ಎಷ್ಟು ಸಭ್ಯರು! ಕುರ್ಚಿ ಕೊಟ್ಟರು, ಊರು ಕೇಳಿದರು, "ಚಹಾ-ಪಾಣಿದು ಏನರ ನೋಡ್ರಿ ಸರ" ಎಂದು ಮೆಲ್ಲಗೆ ನಕ್ಕರು. ಒಂದೂ ಒರಟು ಶಬ್ದವಿಲ್ಲ. ನಾನು ಕೊಟ್ಟೆ. ರಾತ್ರಿ ಗೆಳೆಯರು ಎಂದಿನಂತೆ ಧ್ವನಿಸುರುಳಿ ಹಾಕಿದರು. ಕೊಡುವವರನ್ನು ಬಯ್ಯುವ ಕಡೆಗೆ ಮಾತು ತಿರುಗಿತು. ನಾನು ನೀರು ತರುವ ನೆವ ಮಾಡಿ ಹೊರಗೆ ಹೋದೆ.

ಅಂದಿನ ನಾಟಕಗಳಲ್ಲಿ ಹೆಂಗಸರ ಕುರಿತ ಕೆಲವು ನಗೆಮಾತುಗಳು ಇಂದು ನನಗೂ ರುಚಿಸುವುದಿಲ್ಲ, ಅಷ್ಟನ್ನು ಒಪ್ಪುತ್ತೇನೆ. ಆದರೆ "ಹತ್ತು ಸಾವಿರಕ್ಕೂ ಹೆಚ್ಚು ಪ್ರಯೋಗವಾದರೂ ಲಂಚ ನಿಂತಿತೇ?" ಎಂದು ಹಂಗಿಸುವವರಿಗೆ ಕೇಳುತ್ತೇನೆ: 1984ರಲ್ಲಿ ಲೋಕಾಯುಕ್ತ ಕಾಯ್ದೆಯೇ ಬಂತು, ಅದರಿಂದ ನಿಂತಿತೇ? ಕಾಯ್ದೆಯಿಂದಾಗದ್ದನ್ನು ನಾಟಕವೊಂದು ಮಾಡಲಿಲ್ಲವೆಂದು ದೂರುವುದು ಯಾವ ನ್ಯಾಯ?

ಇನ್ನು ಹೊಗಳುವವರ ಮೇಲೂ ನನಗೆ ಸಿಟ್ಟಿದೆ. 2019ರ ಮೇ 2ರಂದು ಹಿರಣ್ಣಯ್ಯನವರು ತೀರಿಕೊಂಡಾಗ ಎಲ್ಲರ ಮೊಬೈಲಿನಲ್ಲೂ ಅವರ ಮಾತಿನ ತುಣುಕುಗಳೇ. "ರಾಜಕಾರಣಿಗಳಿಗೆ ಹೆಂಗ ಝಾಡಿಸ್ಯಾರ ನೋಡ್ರಿ" ಎಂದು ನಮ್ಮ ಬೀಗರೊಬ್ಬರು ಕಳಿಸಿದ್ದರು. ಮಗನ ನೌಕರಿಗೆ ಅವರು ಎಷ್ಟು ಎಣಿಸಿ ಕೊಟ್ಟರೆಂಬುದು ನಮ್ಮ ಬಳಗಕ್ಕೆಲ್ಲ ಗೊತ್ತು. ಆ ಬಯ್ಗುಳದಲ್ಲಿ ತಮ್ಮ ಪಾಲೂ ಇದೆಯೆಂದು ಅವರಿಗೆ ಹೊಳೆಯಲೇ ಇಲ್ಲ.

ಆ ಧ್ವನಿಸುರುಳಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಟೇಪ್ ರೆಕಾರ್ಡರ್ ಮಾತ್ರ ಕೆಟ್ಟಿದೆ. ವಿಜಯಪುರದಲ್ಲಿ ಅದನ್ನು ದುರಸ್ತಿ ಮಾಡುವವರು ಯಾರಾದರೂ ಉಳಿದಿದ್ದರೆ ತಿಳಿಸಿರಿ. ಮದುವೆಯಲ್ಲಿ ಭೇಟಿಯಾದ ಶಿಷ್ಯನನ್ನೂ ಕರೆಯುತ್ತೇನೆ. ಪೂರ್ತಿ ಕೇಳಿದ ಮೇಲೆ ಬೇಕಾದರೆ ಜಗಳವಾಡಲಿ.