ಚಕ್ರದ ಮೇಲಿನ ಮನೆ ಬಂತು: ತಂಗೋದು ಎಲ್ಲಿ? ಕೆಟ್ಟರೆ ನಂಬೋದು ಯಾರನ್ನ?

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹಾಸನ ಜಿಲ್ಲೆಗೆ ಹೆಮ್ಮೆಯ ಮಾತೇ. ಆದರೆ ಗುಡಿ ನೋಡಲು ಬರುವವರೆಲ್ಲ ಲಾಡ್ಜಿನಲ್ಲಿ ರೂಮು ಹಿಡಿಯುವವರೇ ಅಲ್ಲ. ಮನೆಯನ್ನೇ ಗಾಡಿಯ ಮೇಲೆ ಕಟ್ಟಿಕೊಂಡು ಹೊರಡುವವರೂ ಈಗ ಶುರುವಾಗಿದ್ದಾರೆ. ಹೊರಗಿಂದ ನೋಡಿದರೆ ಮಿನಿ ಬಸ್ಸು. ಒಳಗೆ ಮಂಚ, ಒಲೆ, ಫ್ರಿಜ್ಜು, ಕಕ್ಕಸು, ಸ್ನಾನದ ನಲ್ಲಿ ಎಲ್ಲವೂ ಉಂಟು. ಕ್ಯಾರವಾನ್ ಅಂತ ಇದರ ಹೆಸರು. ಮೋಟಾರ್ ಹೋಮ್ ಅಂತಲೂ ಕರೆಯುತ್ತಾರೆ.

ರಾಜ್ಯದ 2020–25ರ ಪ್ರವಾಸೋದ್ಯಮ ನೀತಿಯಲ್ಲೇ ಕ್ಯಾರವಾನ್ ಪ್ರವಾಸಕ್ಕೆ ಉತ್ತೇಜನ ಕೊಡುವ ಮಾತಿತ್ತು. ಬೆಂಗಳೂರಿನಲ್ಲಿ ಇಂಥ ಗಾಡಿಯನ್ನು ದಿನದ ಬಾಡಿಗೆಗೆ ಕೊಡುವವರೂ ಇದ್ದಾರೆ. ಕಾಗದದ ಮೇಲೆ ಎಲ್ಲ ಸರಿಯೇ. ಆದರೆ ಗಾಡಿ ಬಿ.ಎಂ. ರಸ್ತೆಗೆ ಬಂದು ನಿಂತಾಗ ಏಳುವ ಪ್ರಶ್ನೆ ಎರಡು. ರಾತ್ರಿ ಎಲ್ಲಿ ನಿಲ್ಲಿಸೋದು? ಕೆಟ್ಟರೆ ಯಾರ ಕೈಗೆ ಕೊಡೋದು?

"ನಮಗೇನು ಬಿಡ್ರಿ, ದುಡ್ಡಿದ್ದೋರ ಷೋಕಿ" ಅಂತ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಅಂದರೆ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಇಂಥ ಗಾಡಿಗಳು ಇನ್ನೂ ಅಪರೂಪವೇ. ಆದರೆ ಈ ಎರಡು ಪ್ರಶ್ನೆ ಅವರದ್ದು ಮಾತ್ರ ಅಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಟೆಂಪೋ ಮಾಡಿಕೊಂಡು ಹೋಗುವ ಸಂಸಾರಗಳು, ಮರದಡಿ ಒಲೆ ಹೂಡಿ ಚಿತ್ರಾನ್ನ ಕಲಸುವ ಪ್ರವಾಸಿ ಬಸ್ಸಿನವರು, ಮಂಗಳೂರಿಗೆ ಲೋಡು ಹೊಡೆಯುವ ಲಾರಿಯವರು, ಎಲ್ಲರೂ ವರ್ಷಗಳಿಂದ ಕೇಳುತ್ತ ಬಂದಿರುವುದು ಇದನ್ನೇ. ಅವರು ಹೇಗೋ ಸುಧಾರಿಸಿಕೊಂಡು ಮುಂದಕ್ಕೆ ಹೋದರು. ಕ್ಯಾರವಾನಿನವರಿಗೆ ಆ ದಾರಿಯೂ ಇಲ್ಲ. ಗಾಡಿ ಕೆಟ್ಟರೆ ಮನೆಯೂ ಕೆಟ್ಟಂತೆ.

ನಿಲ್ಲುವ ಜಾಗದ ಪಡಿಪಾಟಲು

ಈಗ ಸಿಗುವ ಜಾಗಗಳು ಯಾವುವು ನೋಡಿ. ಪೆಟ್ರೋಲ್ ಬಂಕಿನವರು ಒಂದು ಮೂಲೆಯಲ್ಲಿ ನಿಲ್ಲಲು ಬಿಟ್ಟಾರು. ಆದರೆ ಅಲ್ಲಿ ಒಲೆ ಹಚ್ಚುವ ಹಾಗಿಲ್ಲ, ಹಚ್ಚಬಾರದು ಕೂಡ. ಡಾಬಾ ಮುಂದೆ ನಿಲ್ಲಿಸಿದರೆ ರಾತ್ರಿಯಿಡೀ ಲಾರಿಗಳ ಹಾರನ್ನು. ಹೆಂಗಸರು ಮಕ್ಕಳು ಇಳಿದು ಓಡಾಡಲು ಬೆಳಕು ಸಾಲದು. ದೇವಸ್ಥಾನದ ಪಾರ್ಕಿಂಗ್ ಹಗಲಿನ ಗಾಡಿಗಳಿಗೆ ಆದದ್ದು, ಅಲ್ಲಿ ರಾತ್ರಿ ತಂಗಿಸಿಕೊಳ್ಳುವ ಹೊಣೆ ಯಾರದ್ದೂ ಅಲ್ಲ.

ಇನ್ನು ಉಳಿದದ್ದು ಸಕಲೇಶಪುರದ ಕಡೆ ಕಾಫಿ ತೋಟದ ಪಕ್ಕದ ತಂಪು ರಸ್ತೆ. ಹೊರ ಊರಿನವರ ಕಣ್ಣಿಗೆ ಸ್ವರ್ಗ. ಅಲ್ಲಿನವರಿಗೆ ಗೊತ್ತು ನಿಜ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆ ರಾತ್ರಿ ಯಾವ ತೋಟದಿಂದ ಯಾವ ರಸ್ತೆಗೆ ಇಳಿಯುತ್ತೋ ಹೇಳಲಾಗದು. ಹಲಸು, ಬಾಳೆ, ಅಕ್ಕಿಯ ವಾಸನೆ ಅದಕ್ಕೆ ದೂರದಿಂದಲೇ ಹತ್ತುತ್ತೆ. ಗಾಡಿಯೊಳಗೆ ಅವನ್ನೇ ಇಟ್ಟುಕೊಂಡು ತಗಡಿನ ಗೋಡೆ ನಂಬಿ ಮಲಗುವುದು ಬುದ್ಧಿವಂತಿಕೆಯಲ್ಲ. ಮಳೆಗಾಲದಲ್ಲಿ ಮತ್ತೊಂದು ಭಯ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ದಾರಿಯ ಸಂಚಾರವೇ ನಿಂತದ್ದು ಜಿಲ್ಲೆಗೆ ನೆನಪಿದೆ. ದೂರದ ಪ್ರವಾಸಿಗೆ ಅದು ಗೊತ್ತಿರುತ್ತಾ? ಇಳಿಜಾರಿನ ಬುಡದಲ್ಲಿ, ನೋಟ ಚೆನ್ನಾಗಿದೆ ಅಂತ ಗಾಡಿ ನಿಲ್ಲಿಸುತ್ತಾನೆ.

ಹಾಗಾಗಿ ನಂಬಬಹುದಾದ ತಂಗುದಾಣ ಅಂದರೆ ಬೇಲಿ ಹಾಕಿದ ಬಯಲು ಅಂತಷ್ಟೇ ಅರ್ಥವಲ್ಲ. "ಇವತ್ತು ಆ ಕಡೆ ಆನೆ ಬಂದಿದೆ, ಹೋಗಬೇಡಿ" ಅಂತ ಹೇಳಲು ಅಲ್ಲಿ ಊರಿನ ಮನುಷ್ಯನೊಬ್ಬ ಇರಬೇಕು. ನೆಲ ಮಟ್ಟಸವಾಗಿರಬೇಕು, ಚಕ್ರ ಹೂಳುವಂತಿರಬಾರದು. ಕುಡಿಯುವ ನೀರಿನ ನಲ್ಲಿ ಬೇಕು. 15 ಆಂಪಿಯರಿನ ಕರೆಂಟ್ ಪಾಯಿಂಟು ಬೇಕು, ಅದಕ್ಕೆ ಸರಿಯಾದ ಎರ್ತಿಂಗ್ ಇರಬೇಕು. ಎರ್ತಿಂಗ್ ಇಲ್ಲದ ಕಡೆ ವೈರು ಸಿಕ್ಕಿಸಿ, ಗಾಡಿಯ ಮೈಗೆ ಕರೆಂಟು ಹರಿದರೆ ಬಾಗಿಲು ಹಿಡಿದವನ ಗತಿ ಏನು?

ಎಲ್ಲಕ್ಕಿಂತ ದೊಡ್ಡದು ಕಕ್ಕಸಿನ ತೊಟ್ಟಿ ಖಾಲಿ ಮಾಡುವ ಪ್ರಶ್ನೆ. ಇದನ್ನು ಹೇಳಲು ಎಲ್ಲರಿಗೂ ಸಂಕೋಚ. ಗಾಡಿಯಲ್ಲಿ ಎರಡು ಮೂರು ದಿನದ ಮಲಿನ ತುಂಬಿರುತ್ತೆ. ಸುರಿಯಲು ಜಾಗ ತೋರಿಸದಿದ್ದರೆ ಅದು ಹೋಗುವುದು ಕೆರೆ ಏರಿಯ ಕೆಳಗೆ ಅಥವಾ ರಸ್ತೆ ಮೋರಿಗೆ. ಆ ಕೆರೆ ನೀರು ಬಳಸುವವರು ಯಾರು? ಊರಿನವರೇ ಅಲ್ಲವೇ? ಒಂದು ಸೆಪ್ಟಿಕ್ ಟ್ಯಾಂಕಿಗೆ ಸೇರುವ ಮುಚ್ಚಳದ ಗುಂಡಿ ಇದ್ದರೆ ಮುಗಿಯಿತು. ಅದು ತುಂಬಿದಾಗ ಹೀರುವ ಲಾರಿ ಕರೆಸಬೇಕು. ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ, ಅದನ್ನು ಮರೆಯುವಂತಿಲ್ಲ.

"ಲೈನರ್ ಹೋಗಿದೆ ಸಾರ್!"

ಎರಡನೆಯ ಪ್ರಶ್ನೆ ರಿಪೇರಿಯದ್ದು. ಕ್ಯಾರವಾನ್ ಅಂದರೆ ಅರ್ಧ ಗಾಡಿ, ಅರ್ಧ ಮನೆ. ಕೆಳಗಿನ ಅರ್ಧ ನಮ್ಮ ಗ್ಯಾರೇಜುಗಳಿಗೆ ಹೊಸದೇನಲ್ಲ. ದೇಶದಲ್ಲಿ ಇವನ್ನು ಕಟ್ಟುವುದು ದಿನಾ ಓಡಾಡುವ ಟೆಂಪೋ ಟ್ರಾವೆಲರ್, ಪಿಕಪ್ಪು ಅಥವಾ ಬಸ್ಸಿನ ಚಾಸಿಯ ಮೇಲೆ. ಕ್ಲಚ್ಚು, ಬ್ರೇಕು, ಪಟ್ಟಾ ಕೆಲಸ ಮಾಡಿ ಕೈ ಪಳಗಿದ ಮೇಸ್ತ್ರಿಗಳು ಹಾಸನದಲ್ಲಿ ಬೇಕಾದಷ್ಟು ಇದ್ದಾರೆ. ಮೇಲಿನ ಅರ್ಧದ ಕಥೆ ಬೇರೆ. 12 ವೋಲ್ಟಿನ ನೀರಿನ ಪಂಪು, ಇನ್ವರ್ಟರು, ಲಿಥಿಯಂ ಬ್ಯಾಟರಿ, ಚಾವಣಿಯ ಸೋಲಾರು, ಗ್ಯಾಸ್ ಪೈಪು. ಇಲ್ಲಿ ಪ್ಲಂಬರ್ ಬೇಕು, ಎಲೆಕ್ಟ್ರಿಷಿಯನ್ ಬೇಕು, ಗ್ಯಾಸಿನ ಕೆಲಸ ತಿಳಿದವನು ಬೇಕು. ಒಬ್ಬನೇ "ಎಲ್ಲಾ ನಾನೇ ಮಾಡ್ತೀನಿ ಬಿಡಿ ಸಾರ್" ಅಂದರೆ ಅಲ್ಲಿ ಎಚ್ಚರ ಇರಲಿ.

ಸಕಲೇಶಪುರ ದಾಟಿ ಘಾಟಿ ಇಳಿಯುವ ಮೊದಲು ಹೊರ ಊರಿನ ಗಾಡಿಯವನು ಬ್ರೇಕು ತೋರಿಸುತ್ತಾನೆ ಅಂತಿಟ್ಟುಕೊಳ್ಳಿ. ಮೆಕ್ಯಾನಿಕ್ಕು ಚಕ್ರ ಬಿಚ್ಚಿ ಹೇಳುತ್ತಾನೆ, "ಲೈನರ್ ಹೋಗಿದೆ ಸಾರ್, ಹಿಂಗೇ ಇಳಿಯಂಗಿಲ್ಲ." ಈ ಮಾತು ನಿಜವಾಗಿದ್ದರೆ ಆ ಮೆಕ್ಯಾನಿಕ್ಕು ಒಂದು ಸಂಸಾರದ ಪ್ರಾಣ ಉಳಿಸಿದ. ಮನೆ ಸಾಮಾನು, ನೀರಿನ ತೊಟ್ಟಿ ಹೊತ್ತ ಭಾರದ ಗಾಡಿ ಘಾಟಿಯಲ್ಲಿ ಬ್ರೇಕು ಒತ್ತುತ್ತಲೇ ಇಳಿದರೆ ಲೈನರ್ ಕಾದು ಹಿಡಿತ ಬಿಡುತ್ತೆ. ಸುಳ್ಳಾಗಿದ್ದರೆ? ಅದೇ ಮಾತು ಜೇಬಿಗೆ ಕತ್ತರಿ. ಕೇಳುವವನಿಗೆ ಎರಡೂ ಒಂದೇ ಥರ ಕೇಳಿಸುತ್ತೆ. ಒಮ್ಮೆ ಮೋಸ ಹೋದವನು ಮುಂದಿನ ಊರಿನಲ್ಲಿ ಪ್ರಾಮಾಣಿಕನ ಮಾತನ್ನೂ ನಂಬುವುದಿಲ್ಲ. ಲೈನರ್ ಹಾಕಿಸದೆಯೇ ಘಾಟಿಗೆ ಇಳಿಯುತ್ತಾನೆ. ಸುಳ್ಳು ಹೇಳುವ ಒಬ್ಬ ಗ್ಯಾರೇಜಿನವನಿಂದ ಆಗುವ ನಿಜವಾದ ನಷ್ಟ ಇದೇ.

ಹಾಗಂತ ಗ್ಯಾರೇಜಿನವರೆಲ್ಲ ಮೋಸಗಾರರೇನಲ್ಲ. ಮಳೆಯಲ್ಲಿ, ಕತ್ತಲಲ್ಲಿ, ಗಾಡಿಯ ಕೆಳಗೆ ಅಂಗಾತ ಮಲಗಿ ಕೆಲಸ ಮಾಡಿದವನ ಹತ್ತಿರ ನೂರು ರೂಪಾಯಿಗೆ ಚೌಕಾಶಿ ಮಾಡುವ ಪ್ರವಾಸಿಗಳೂ ಇದ್ದಾರೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಬರಬೇಕಾದ ಸಾಮಾನನ್ನು "ಅರ್ಧ ಗಂಟೇಲಿ ಹಾಕಿಕೊಡಿ" ಅನ್ನುವವರೂ ಇದ್ದಾರೆ. ನಂಬಿಕೆ ಎರಡೂ ಕಡೆಯಿಂದ ಬೇಕು. ಅದಕ್ಕೆ ಹಳೆಯ ಮೇಸ್ತ್ರಿಗಳ ಪದ್ಧತಿಯೇ ಸಾಕು. ಕೆಲಸಕ್ಕೆ ಮೊದಲು ಅಂದಾಜು ಚೀಟಿ ಬರೆದು ಕೊಡುವುದು. ಬಿಚ್ಚಿದ ಹಳೇ ಸಾಮಾನನ್ನು ಗಿರಾಕಿಯ ಕೈಗೇ ಕೊಡುವುದು. ಚೀಟಿ ಮೀರಿ ಖರ್ಚು ಬಂದರೆ ಕೈ ಹಾಕುವ ಮೊದಲೇ ಕೇಳುವುದು. ಕೊನೆಗೆ ಬಿಲ್ಲು. "ಕೆಲ್ಸ ಮುಗೀಲಿ, ಆಮೇಲೆ ಮಾತಾಡೋಣ" ಅನ್ನುವ ಮಾತಿನಲ್ಲೇ ಅರ್ಧ ಜಗಳ ಹುಟ್ಟುವುದು.

ಬಿಲ್ಲು ಕೊಡದಿದ್ದರೆ ಏನಾಗುತ್ತೆ?

"ಹೊರ ಊರಿನವನು, ನಾಳೆ ಹೋಗ್ತಾನೆ, ಮತ್ತೆ ಬರ್ತಾನಾ?" ಈ ಲೆಕ್ಕ ಹಾಕುವವರು ಕಾಯಿದೆ ಬದಲಾದದ್ದನ್ನು ಗಮನಿಸಿದಂತಿಲ್ಲ. 1986ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ, ಇಂಥ ತಕರಾರು ಇದ್ದ ಪ್ರವಾಸಿ ಕೇಸು ಹಾಕಲು ಅಂಗಡಿ ಇರುವ ಅಥವಾ ಘಟನೆ ನಡೆದ ಜಿಲ್ಲೆಗೇ ಬರಬೇಕಿತ್ತು. 2019ರ ಕಾಯಿದೆ ಬಂದ ಮೇಲೆ ಆತ ತನ್ನ ಊರಿನಲ್ಲೇ ದೂರು ಹಾಕಬಹುದು. ಪುಣೆಯವನಿಗೆ ಹಾಸನದಲ್ಲಿ ಮೋಸವಾದರೆ ಕೇಸು ಪುಣೆಯಲ್ಲಿ ನಡೆದೀತು. ಓಡಾಟ ಯಾರಿಗೆ ಅಂತ ಲೆಕ್ಕ ಹಾಕಿಕೊಳ್ಳಿ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಬಿಲ್ಲು ಅಥವಾ ರಸೀದಿ ಕೊಡದಿರುವುದನ್ನೇ ಆ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆದಿದೆ. ಇದು ಗ್ಯಾರೇಜಿಗೆ ಮಾತ್ರ ಅನ್ವಯಿಸುವ ಮಾತಲ್ಲ, ದಿನಸಿ ಅಂಗಡಿಗೂ ಲಾಡ್ಜಿಗೂ ಅಷ್ಟೇ. ಗ್ರಾಹಕರ ಸಹಾಯವಾಣಿ ಸಂಖ್ಯೆ 1915. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ 1033.

ಬೇರೆಯವರು ಮಾಡಿದ್ದೇನು?

ಈ ತಾಪತ್ರಯ ಅಮೆರಿಕದವರೂ ಕಂಡಿದ್ದಾರೆ. 1962ರಲ್ಲಿ ಸಿಯಾಟಲ್ ನಗರದ ವಿಶ್ವ ಮೇಳಕ್ಕೆ ಜನ ಗಾಡಿ ಕಟ್ಟಿಕೊಂಡು ಹೊರಟಾಗ, ದಾರಿಯಲ್ಲಿನ ಬಿಲ್ಲಿಂಗ್ಸ್ ಎಂಬ ಊರಿನ ಡೇವ್ ಡ್ರಮ್ ಹೊಳೆ ದಡದ ತನ್ನ ಜಾಗದಲ್ಲಿ ತಂಗುದಾಣ ತೆರೆದ. ಬಿಸಿನೀರಿನ ಸ್ನಾನ, ಚೊಕ್ಕಟ ಕಕ್ಕಸು, ಸಣ್ಣದೊಂದು ಅಂಗಡಿ, ಅಷ್ಟೇ. ಅದೇ ಕೆ.ಓ.ಎ. ಎಂಬ ಹೆಸರಿನಲ್ಲಿ ಬೆಳೆದು ಇಂದು 500ಕ್ಕೂ ಹೆಚ್ಚು ತಂಗುದಾಣಗಳ ಸಾಲಾಗಿದೆ. 1966ರಲ್ಲಿ ಅಲ್ಲಿನ ಪತ್ರಿಕೆಯೊಂದಕ್ಕೆ ಓದುಗನೊಬ್ಬ ಕಾಗದ ಬರೆದ. ಕೆಟ್ಟು ನಿಂತವರಿಗೆ ನೆರವಾಗಲು ಒಪ್ಪುವವರು ತಮ್ಮ ಗಾಡಿಯ ಹಿಂದೆ ಒಂದು ಚೀಟಿ ಅಂಟಿಸಿಕೊಳ್ಳಲಿ ಅಂತ. ಆ ಚೀಟಿಯಿಂದ ಹುಟ್ಟಿದ್ದು ಗುಡ್ ಸ್ಯಾಮ್ ಎಂಬ ಸಂಘ. ಅದರ ಹೆಸರಿನ ಕೈಪಿಡಿ ತಂಗುದಾಣಗಳಿಗೆ ಹತ್ತಕ್ಕೆ ಇಷ್ಟು ಅಂತ ಮೂರು ಅಂಕ ಕೊಡುತ್ತ ಬಂದಿದೆ. ಅದರಲ್ಲಿ ಒಂದು ಪೂರಾ ಅಂಕ ಕಕ್ಕಸು, ಸ್ನಾನದ ಮನೆಗೆ ಮೀಸಲು.

ದೂರದ ಮಾತು ಬೇಡವೆಂದರೆ ನೆರೆಯ ಕೇರಳ ಇದೆ. 2021ರಲ್ಲಿ ಕ್ಯಾರವಾನ್ ನೀತಿ ಪ್ರಕಟಿಸಿತು. ಮರುವರ್ಷವೇ ವಾಗಮಣ್‌ನಲ್ಲಿ ಮೊದಲ ತಂಗುದಾಣ ತೆರೆಯಿತು. ಒಂದು ತಂಗುದಾಣಕ್ಕೆ ಕನಿಷ್ಠ 50 ಸೆಂಟ್ಸ್ ಜಾಗ, ಕನಿಷ್ಠ 5 ಗಾಡಿ ನಿಲ್ಲುವ ಸೌಕರ್ಯ ಇರಬೇಕು ಅಂತ ಕಟ್ಟಳೆ. ನಮ್ಮ ಲೆಕ್ಕದಲ್ಲಿ 20 ಗುಂಟೆ. ಇಷ್ಟೂ ಕಡೆ ಬೆಲೆ ಬಂದದ್ದು ಗಾಡಿಗಿಂತ ಹೆಚ್ಚಾಗಿ ಕಟ್ಟಳೆಗೆ. ಬೋರ್ಡು ನೋಡಿದರೆ ಒಳಗೆ ಏನು ಸಿಗುತ್ತೆ ಅಂತ ಮೊದಲೇ ತಿಳಿಯಬೇಕು.

ಹಾಸನ ಮಾಡಬೇಕಾದದ್ದು

ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಬೇಲೂರಿನ ಮಯೂರ ವೇಲಾಪುರಿ, ಹಳೇಬೀಡಿನ ಮಯೂರ ಶಾಂತಲ ಸರ್ಕಾರಿ ಪ್ರವಾಸೋದ್ಯಮ ನಿಗಮದ್ದೇ ಹೋಟೆಲುಗಳು. ಅವುಗಳ ಆವರಣದಲ್ಲಿ ಎರಡು ಮೂರು ಗಾಡಿಗೆ ಜಾಗ ಗುರುತಿಸಿ, ನಲ್ಲಿ, ಎರ್ತಿಂಗ್ ಇರುವ ಪಾಯಿಂಟು, ಮುಚ್ಚಳದ ಗುಂಡಿ ಮಾಡಿದರೆ ಆರಂಭಕ್ಕೆ ಸಾಕು. ರಾತ್ರಿಗೆ ಇಷ್ಟು ಅಂತ ದರವನ್ನು ಕನ್ನಡ, ಇಂಗ್ಲಿಷಿನಲ್ಲಿ ಬರೆದು ಹಾಕಲಿ. ದರದ ಪಕ್ಕದಲ್ಲೇ ದೂರು ಹೇಳುವ ನಂಬರು ಇರಲಿ. ಸಕಲೇಶಪುರದ ಕಡೆ ಜಾಗ ಇರುವ ತೋಟದ ಮಾಲೀಕರೂ ಇದೇ ಕಟ್ಟಳೆಗೆ ಒಪ್ಪಿದರೆ ಪಟ್ಟಿಗೆ ಸೇರಿಸಬಹುದು. ಆನೆ, ಗುಡ್ಡದ ಸುದ್ದಿಯನ್ನು ಅರಣ್ಯ ಇಲಾಖೆಯಿಂದ ದಿನಾ ಕೇಳಿ ತಿಳಿಸುವ ಹೊಣೆ ಅವರದ್ದಾಗಲಿ.

ರಿಪೇರಿಯ ಪಟ್ಟಿ ಮಾತ್ರ ಇಲಾಖೆಯಿಂದ ಆಗುವ ಕೆಲಸವಲ್ಲ. ಅಧಿಕಾರಿಗಳು ಮಾಡುವ ಪಟ್ಟಿಯಲ್ಲಿ ಯಾರ ಹೆಸರು ಮೊದಲು ಬರುತ್ತೆ ಅನ್ನೋದು ಊರಿಗೆಲ್ಲ ಗೊತ್ತು! ವರ್ತಕರು, ಗ್ಯಾರೇಜಿನವರು, ಟ್ಯಾಕ್ಸಿ ಸ್ಟ್ಯಾಂಡಿನವರು ಸೇರಿ ತಾವೇ ಮಾಡಬೇಕು. ಅಂದಾಜು ಚೀಟಿ, ಹಳೇ ಸಾಮಾನು ವಾಪಸ್ಸು, ಬಿಲ್ಲು, ಈ ಮೂರಕ್ಕೆ ಒಪ್ಪಿದವರ ಹೆಸರು ಪಟ್ಟಿಯಲ್ಲಿರಲಿ. ತಕರಾರು ರುಜುವಾತಾದರೆ ಹೆಸರು ತೆಗೆಯಲಿ. ತೆಗೆಯುವ ಧೈರ್ಯ ಇಲ್ಲದಿದ್ದರೆ ಪಟ್ಟಿ ಮಾಡದಿರುವುದೇ ವಾಸಿ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ? ಅಡುಗೆ ಮನೆ ಜೊತೆಗೇ ಬಂದವರಿಗೆ ಹಾಲು, ತರಕಾರಿ, ತೆಂಗಿನಕಾಯಿ, 5 ಕೆ.ಜಿ. ಗ್ಯಾಸ್ ಸಿಲಿಂಡರು, ಲಾಂಡ್ರಿ ಎಲ್ಲವೂ ಬೇಕು. ಹೋಟೆಲಿನಲ್ಲಿ ತಂಗುವವನು ಹೋಟೆಲಿಗೆ ಕೊಡುವ ದುಡ್ಡನ್ನು ಇವರು ಸಂತೆಪೇಟೆಯ ಹತ್ತು ಅಂಗಡಿಗೆ ಹಂಚುತ್ತಾರೆ. ಜಾಗ ಸರಿಯಿಲ್ಲ ಅಂದರೆ ಅದೇ ಗಾಡಿ ಚಿಕ್ಕಮಗಳೂರಿಗೋ ಮಡಿಕೇರಿಗೋ ತಿರುಗುತ್ತೆ. ಚಕ್ರ ಇರುವ ಮನೆಗೆ ಅದೇನು ಕಷ್ಟ?

ಕೊನೆಯದಾಗಿ ಬಸ್ಸಿನ ಪ್ರಯಾಣಿಕರ ಮಾತು. ಕ್ಯಾರವಾನಿನವರಿಗೆ ಚೊಕ್ಕಟ ಕಕ್ಕಸು, ಕುಡಿಯುವ ನೀರು ಒದಗಿಸುವ ಯೋಜನೆ ಬಂದರೆ ಅದು ಗೇಟಿನೊಳಗೇ ನಿಲ್ಲಬಾರದು. ಗುಡಿಗೆ ಬಸ್ಸಿನಲ್ಲಿ ಬಂದು ಸಂಜೆಯವರೆಗೆ ತಡೆದುಕೊಂಡು ವಾಪಸು ಹೋಗುವ ಹೆಂಗಸರಿಗೂ ಆ ನಲ್ಲಿ, ಆ ಕಕ್ಕಸು ತೆರೆದಿರಬೇಕು. ಜಿಲ್ಲಾಡಳಿತ ಮೊದಲ ಗುದ್ದಲಿ ಹಾಕುವ ಮುನ್ನ ಈ ಷರತ್ತನ್ನು ಬರೆದು ಸಹಿ ಮಾಡುತ್ತದೆಯೇ?