ಬ್ರೇಕು ಮೆತ್ತಗಾದರೆ ಉದಾಸೀನ ಬೇಡ

ಸೋದರಿಯರೇ, ಕಳೆದ ಸಲ ಸಂಡಿಗೆಯ ಮಾತಾಡಿದ ಈಕೆ ಈ ಸಲ ಅಡಿಗೆ ಬಿಟ್ಟು ಕಾರಿನಡಿಗೆ ಹೋದಳಲ್ಲ ಎಂದು ನಗಬೇಡಿ. ಮನೆಮಂದಿಯೆಲ್ಲ ಕೂತು ಹೋಗುವ ಗಾಡಿ ಅದು. ಅದರ ಯೋಗಕ್ಷೇಮವೂ ಸಂಸಾರದ ಮಾತೇ.

ನಮ್ಮದು ಹಳೆಯ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತುಹೋದ ಪುಟ್ಟ ಕಾರು. ಬಸವೇಶ್ವರನಗರದಿಂದ ಮಾಗಡಿ ರಸ್ತೆಯ ಕಡೆ ಹೋಗುವಾಗ ನಾನೂ ಓಡಿಸುತ್ತೇನೆ. ಬ್ರೇಕು ಒತ್ತಿದರೆ ಕಲಸಿಟ್ಟ ಹಿಟ್ಟಿನ ಹಾಗೆ ಮೆತ್ತಗೆ ಒಳಗೆ ಹೋಗುತ್ತಿದೆ ಎಂದು ಎರಡು ಸಲ ಹೇಳಿದೆ. "ಹಳೇ ಗಾಡಿ, ಹಂಗೇ ಇರತ್ತೆ" ಅಂದರು ನಮ್ಮವರು. ನಾನೂ ಸುಮ್ಮನಾದೆ. ಅದೇ ತಪ್ಪಾಯಿತು.

ತುಮಕೂರಿನ ಹತ್ತಿರದ ದೇವರಾಯನದುರ್ಗಕ್ಕೆ ಹೋಗಿ, ನರಸಿಂಹಸ್ವಾಮಿಯ ದರ್ಶನ ಮುಗಿಸಿ ಬೆಟ್ಟ ಇಳಿಯುವಾಗ ಪೆಡಲು ನೆಲ ಮುಟ್ಟಿತು. ಹಿಂದಿನ ಸೀಟಿನಲ್ಲಿ ಅತ್ತೆ, ಮಗಳು. ಯಜಮಾನರು ಗೇರ್ ಇಳಿಸಿ, ಕೈಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು, ಹೇಗೋ ಪಕ್ಕಕ್ಕೆ ನಿಲ್ಲಿಸಿದರು. ಅರ್ಧ ಗಂಟೆ ಕಳೆದು ಒತ್ತಿದರೆ ಪೆಡಲು ಮೇಲೆ ಬಂದಿತ್ತು! ಆದರೂ ನಂಬದೆ, ಬೇರೆ ಗಾಡಿಯ ಮೇಲೆ ಹೇರಿಸಿ ಮನೆಗೆ ತಂದೆವು.

ಹೀಗೇಕಾಯಿತು? ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಫಿಟ್ಟರ್ ಆಗಿದ್ದ ನನ್ನ ತಮ್ಮ ತಿಳಿಸಿ ಹೇಳಿದ. ಮಳೆಗಾಲದಲ್ಲಿ ಉಪ್ಪು ನೀರೊಡೆಯುವ ಹಾಗೆ ಬ್ರೇಕ್ ಎಣ್ಣೆಯೂ ಗಾಳಿಯ ತೇವ ಹೀರುತ್ತದಂತೆ. ಡಾಟ್ 3 ಎಂಬ ಹೊಸ ಎಣ್ಣೆ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಕುಡಿದದ್ದು 140ಕ್ಕೇ ಕುದಿಯಬಹುದು. ಇಳಿಜಾರಿನಲ್ಲಿ ಬ್ರೇಕು ಒತ್ತಿಯೇ ಇದ್ದರೆ ಬಿಸಿಯೇರಿ ಆವಿಯ ಗುಳ್ಳೆ ಏಳುತ್ತದೆ. ಎಣ್ಣೆ ಅದುಮಿದರೆ ಕುಗ್ಗದು, ಗುಳ್ಳೆ ಕುಗ್ಗುತ್ತದೆ. ನಮ್ಮ ಕಾಲಿನ ಬಲವೆಲ್ಲ ಗುಳ್ಳೆ ಹಿಸುಕುವುದರಲ್ಲೇ ಮುಗಿದು, ಚಕ್ರಕ್ಕೆ ತಲುಪದು. ಕೊಳವೆಯೊಳಗೆ ಗಾಳಿ ಸೇರಿದರೂ ಇದೇ ಗತಿ.

ಹಳೆಯ ಎಣ್ಣೆ, ಗಾಳಿ ಎರಡನ್ನೂ ಹೊರಹಾಕುವುದಕ್ಕೆ ಬ್ಲೀಡಿಂಗ್ ಅನ್ನುತ್ತಾರೆ. ಇದಕ್ಕೆ ಇಬ್ಬರು ಬೇಕು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಮರದ ತುಂಡು ಕೊಟ್ಟೆವು. ಬರೀ ಜ್ಯಾಕ್ ನಂಬಿ ಗಾಡಿಯಡಿಗೆ ಹೋಗಲೇಬಾರದು, ಸ್ಟ್ಯಾಂಡ್ ಇಡಬೇಕು. ಬ್ರೇಕ್ ಎಣ್ಣೆಯ ಡಬ್ಬಿಗೆ ಹೊಸ ಎಣ್ಣೆ ತುಂಬಿ, ಅದಕ್ಕೆ ಅತಿ ದೂರದ ಎಡ ಹಿಂಚಕ್ರದಿಂದ ಶುರು ಮಾಡಿದೆವು. ನಂತರ ಬಲ ಹಿಂಚಕ್ರ, ಎಡ ಮುಂಚಕ್ರ, ಕೊನೆಗೆ ಬಲ ಮುಂಚಕ್ರ. ಕೆಲವು ಗಾಡಿಗಳಲ್ಲಿ ಈ ಕ್ರಮ ಬೇರೆ, ಕೈಪಿಡಿ ನೋಡಿಕೊಳ್ಳಿ.

ಚಕ್ರದ ಹಿಂದಿನ ಸಣ್ಣ ನಿಪ್ಪಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಎಣ್ಣೆಯಿದ್ದ ಬಾಟಲಿಯಲ್ಲಿ ಮುಳುಗಿಸಿದ ತಮ್ಮ. ಪೆಡಲಿನ ಕೆಲಸ ನನ್ನದು. ನಾನು ಮೂರು ನಾಲ್ಕು ಸಲ ಒತ್ತಿ, ಕೊನೆಯದನ್ನು ಹಿಡಿದು "ಹಿಡಿದೆ" ಅನ್ನಬೇಕು. ಅವನು ನಿಪ್ಪಲು ಸಡಿಲಿಸುತ್ತಾನೆ, ಪೆಡಲು ಕೆಳಗಿಳಿಯುತ್ತದೆ. ಆಗಲೂ ಕಾಲು ತೆಗೆಯಬಾರದು. ಅವನು ಬಿಗಿ ಮಾಡಿ "ಬಿಡು" ಅಂದ ಮೇಲೇ ಬಿಡಬೇಕು. ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ನಾನೊಮ್ಮೆ ಮೊದಲೇ ಬಿಟ್ಟುಬಿಟ್ಟೆ. ಗಾಳಿ ಮತ್ತೆ ಒಳಗೆ! ಆ ಚಕ್ರದ್ದು ಮೊದಲಿನಿಂದ ಮಾಡಬೇಕಾಯಿತು. ಗುಳ್ಳೆ ನಿಂತು ತಿಳಿಯಾದ ಎಣ್ಣೆ ಬರುವವರೆಗೂ ಹೀಗೇ. ಡಬ್ಬಿಯೂ ನಡುವೆ ಬರಿದಾಗದಂತೆ ತುಂಬುತ್ತಿರಬೇಕು.

ಕೆಲವು ಎಚ್ಚರಿಕೆಗಳು:

ಡಬ್ಬಿಯ ಮುಚ್ಚಳದ ಮೇಲೆ ಬರೆದ ಎಣ್ಣೆಯನ್ನೇ ಹಾಕಿ. ಇಂಜಿನ್ ಎಣ್ಣೆ ಹಾಕಿದರೆ ರಬ್ಬರೆಲ್ಲ ಉಬ್ಬಿ ಕೆಡುತ್ತದೆ.

ತೆಗೆದ ಎಣ್ಣೆ, ಬಹಳ ದಿನ ಮುಚ್ಚಳ ತೆಗೆದಿಟ್ಟ ಎಣ್ಣೆ ಮತ್ತೆ ಬಳಸಬೇಡಿ. ಅದು ವಿಷ. ಮಕ್ಕಳ ಕೈಗೆ ಸಿಗದಿರಲಿ.

ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ, ತಕ್ಷಣ ನೀರಿನಿಂದ ತೊಳೆಯಿರಿ.

ಡಬ್ಬಿಯಲ್ಲಿ ಎಣ್ಣೆ ಪದೇ ಪದೇ ಇಳಿದರೆ ಎಲ್ಲೋ ಸೋರಿಕೆ ಇರಬಹುದು, ಬ್ರೇಕ್ ಪ್ಯಾಡು ಸವೆದಿರಬಹುದು. ಅದಕ್ಕೂ ಎಬಿಎಸ್ ಇರುವ ಹೊಸ ಗಾಡಿಗೂ ಮೆಕ್ಯಾನಿಕ್ಕನೇ ಬೇಕು. ಮನೆಯಲ್ಲಿ ತಿಳಿದವರಿಲ್ಲದಿದ್ದರೂ ಅವನ ಬಳಿಗೇ ಹೋಗಿ. ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ.

ಕೊನೆಗೆ ಪೆಡಲು ಕಲ್ಲಿನಂತೆ ಗಟ್ಟಿ ನಿಂತಿತು. ಮೊದಲು ನಮ್ಮ ಬೀದಿಯಲ್ಲೇ ನಿಧಾನವಾಗಿ ಓಡಿಸಿ ನೋಡಿದೆವು. ಈಗ "ಏನೋ ಸರಿಯಿಲ್ಲ ರೀ" ಅಂದರೆ ನಮ್ಮವರು ನಗುವುದಿಲ್ಲ, ಬಂದು ತಾವೇ ಒತ್ತಿ ನೋಡುತ್ತಾರೆ. ನಿಮ್ಮ ಕಾಲಿಗೆ ಮೆತ್ತಗೆ ಅನಿಸಿದರೆ ಸಂಕೋಚಪಟ್ಟು ಸುಮ್ಮನಿರಬೇಡಿ. ಎರಡು ಸಲವಲ್ಲ, ಹತ್ತು ಸಲ ಹೇಳಿ.